ತಲೆಸುತ್ತು, ಸಮತೋಲದ ತೊಂದರೆ ಮತ್ತು ಕನ್‌ಕಷನ್‌ಗೆ ಭೌತಚಿಕಿತ್ಸೆ

ಒಳಕಿವಿಯ ಸಮತೋಲನಾಂಗ ಕೆಟ್ಟಾಗ ಬರುವ ತಲೆಸುತ್ತು, ನಡೆಯುವಾಗ ಆಯ ತಪ್ಪುವುದು, ತಲೆಗೆ ಪೆಟ್ಟು ಬಿದ್ದ ಮೇಲೆ ವಾರಗಟ್ಟಲೆ ಉಳಿಯುವ ಮಂಪರು ಮತ್ತು ಬವಳಿ, ಇವುಗಳ ಮೂಲವನ್ನು ಪರೀಕ್ಷೆಯಿಂದ ಗುರುತಿಸಿ ಮುಖ್ಯವಾಗಿ ಚಲನೆಯ ಮೂಲಕವೇ ಗುಣಪಡಿಸುವ ಭೌತಚಿಕಿತ್ಸೆಯ ಶಾಖೆ. ವೆಸ್ಟಿಬ್ಯುಲರ್ ಪುನಶ್ಚೇತನ ಎಂಬುದು ಇದರ ಶಾಸ್ತ್ರೀಯ ಹೆಸರು. ತಲೆ ಅಲುಗಿದರೆ ಸುತ್ತು ಬರುತ್ತದೆಂದು ರೋಗಿ ಕತ್ತು ಬಿಗಿಹಿಡಿದು ಕೂರುತ್ತಾನೆ. ಮನೆಯವರು ಪಿತ್ತವೆಂದು ನಿಂಬೆಹಣ್ಣಿನ ಪಾನಕ ಕೊಟ್ಟು ಮಲಗಿಸುತ್ತಾರೆ. ಔಷಧಿ ಅಂಗಡಿಯ ಮಾತ್ರೆ ನಿದ್ದೆ ತರಿಸುತ್ತದೆ. ಈ ಶಾಖೆಯ ಹಾದಿ ಇದಕ್ಕೆ ತಿರುಗುಮುರುಗು. ಯಾವ ಚಲನೆ ಸುತ್ತು ಬರಿಸುತ್ತದೋ ಅದೇ ಚಲನೆಯನ್ನು ಅಳೆದು, ಲೆಕ್ಕದಲ್ಲಿಟ್ಟು ಮಾಡಿಸುವುದೇ ಇಲ್ಲಿ ಔಷಧ. ಯಾವ ಚಲನೆ, ಯಾರಿಗೆ, ಯಾವ ಹಂತದಲ್ಲಿ ಎಂಬುದನ್ನು ಪರೀಕ್ಷೆಯೇ ಹೇಳಬೇಕಾದ್ದರಿಂದ ಚಿಕಿತ್ಸೆಗಿಂತ ಪರೀಕ್ಷೆಗೇ ಇಲ್ಲಿ ತೂಕ ಹೆಚ್ಚು.

ಸಮತೋಲದ ಏರ್ಪಾಡು

ಪ್ರತಿ ಕಿವಿಯ ಒಳಭಾಗದಲ್ಲಿ, ಶ್ರವಣದ ಶಂಖದ ಪಕ್ಕದಲ್ಲೇ, ಮೂರು ಅರ್ಧವೃತ್ತಾಕಾರದ ನಾಳಗಳೂ ಯೂಟ್ರಿಕಲ್, ಸ್ಯಾಕ್ಯೂಲ್ ಎಂಬ ಎರಡು ಪುಟ್ಟ ಚೀಲಗಳೂ ಇವೆ. ನಾಳಗಳು ಒಂದಕ್ಕೊಂದು ಹೆಚ್ಚುಕಡಿಮೆ ಲಂಬಕೋನದಲ್ಲಿ ನಿಂತಿವೆ. ತಲೆ ತಿರುಗಿದಾಗ ಒಳಗಿನ ದ್ರವ ಹಿಂದುಳಿದು ರೋಮಕೋಶಗಳನ್ನು ಬಾಗಿಸುತ್ತದೆ. ಚೀಲಗಳ ಕೆಲಸ ಬೇರೆ: ಅಲ್ಲಿರುವ ಕ್ಯಾಲ್ಸಿಯಂ ಕಾರ್ಬನೇಟಿನ ಸೂಕ್ಷ್ಮ ಹರಳುಗಳು ಗುರುತ್ವವನ್ನೂ ಬಸ್ಸು ಹೊರಟಾಗಿನ ಎಳೆತದಂಥ ನೇರ ಚಲನೆಯನ್ನೂ ತಿಳಿಸುತ್ತವೆ. ಎರಡರ ಸುದ್ದಿಯೂ ಎಂಟನೆಯ ಕಪಾಲನರದ ಮೂಲಕ ಮಿದುಳುಕಾಂಡಕ್ಕೆ ಹೋಗುತ್ತದೆ.

ತಲೆ ನಿಶ್ಚಲವಾಗಿದ್ದಾಗಲೂ ಎರಡೂ ಕಿವಿಗಳಿಂದ ಸಮನಾದ ಸಂಕೇತ ಹರಿಯುತ್ತಲೇ ಇರುತ್ತದೆ. ತಲೆ ಬಲಕ್ಕೆ ಹೊರಳಿದರೆ ಬಲಗಿವಿಯದು ಏರುತ್ತದೆ, ಎಡಗಿವಿಯದು ಇಳಿಯುತ್ತದೆ. ಈ ವ್ಯತ್ಯಾಸವನ್ನೇ ಮಿದುಳು ತಿರುಗುವಿಕೆ ಎಂದು ಓದಿಕೊಳ್ಳುತ್ತದೆ. ಉರಿಯೂತದಿಂದ ಒಂದು ಕಡೆಯ ನರ ಹಠಾತ್ತನೆ ಸೋತರೆ, ಮಲಗಿದಲ್ಲೇ ಮಲಗಿದ್ದರೂ ವ್ಯತ್ಯಾಸ ಹುಟ್ಟಿಕೊಂಡು ಮನೆಯೇ ಗಿರ್ರನೆ ಸುತ್ತುತ್ತದೆ. ಕೆಲವು ದಿನಗಳಲ್ಲಿ ಮಿದುಳುಕಾಂಡ ಎರಡೂ ಕಡೆಯ ಮಟ್ಟವನ್ನು ತಾನೇ ಸರಿದೂಗಿಸಿಕೊಳ್ಳುವುದರಿಂದ ಮಲಗಿದಾಗಿನ ಸುತ್ತು ನಿಲ್ಲುತ್ತದೆ. ತಲೆ ಅಲುಗಿದಾಗಿನ ಕೊರತೆ ಮಾತ್ರ ಹಾಗೆ ತಾನಾಗಿ ತುಂಬುವುದಿಲ್ಲ. ಅದಕ್ಕೆ ಮಿದುಳು ತಪ್ಪು ಮಾಡಬೇಕು, ತಪ್ಪಾಯಿತೆಂಬ ಸುದ್ದಿ ಕಣ್ಣಿನಿಂದ ಬರಬೇಕು, ಆಗ ತಿದ್ದಿಕೊಳ್ಳುತ್ತದೆ. ಅಲುಗಾಡದವನಿಗೆ ಆ ಸುದ್ದಿಯೇ ಬರುವುದಿಲ್ಲ. ವೆಸ್ಟಿಬ್ಯುಲರ್ ವ್ಯಾಯಾಮಗಳ ತರ್ಕವೆಲ್ಲ ಇಷ್ಟರಲ್ಲಿದೆ.

ಹೆಬ್ಬೆರಳನ್ನು ಕಣ್ಣೆದುರು ಹಿಡಿದು ತಲೆಯನ್ನು ಬೇಗಬೇಗನೆ ಅತ್ತಿತ್ತ ಆಡಿಸಿದರೂ ಉಗುರು ಸ್ಪಷ್ಟವಾಗಿ ಕಾಣುತ್ತದೆ. ತಲೆ ನಿಲ್ಲಿಸಿ ಬೆರಳನ್ನು ಅದೇ ವೇಗದಲ್ಲಿ ಆಡಿಸಿದರೆ ಮಸುಕಾಗುತ್ತದೆ. ಮೊದಲನೆಯದನ್ನು ಸಾಧ್ಯವಾಗಿಸುವುದು ಒಳಕಿವಿಯಿಂದ ಕಣ್ಣಿನ ಸ್ನಾಯುಗಳಿಗೆ ಇರುವ ಪರಾವರ್ತಿತ ಕ್ರಿಯೆ. ತಲೆ ಹೊರಳಿದ ಸುಮಾರು 10 ಮಿಲಿಸೆಕೆಂಡಿನೊಳಗೆ ಅದು ಕಣ್ಣನ್ನು ವಿರುದ್ಧ ದಿಕ್ಕಿಗೆ ಅಷ್ಟೇ ತಿರುಗಿಸುತ್ತದೆ. ದೇಹದಲ್ಲಿ ಇಷ್ಟು ಚುರುಕಾದ ಪರಾವರ್ತಿತ ಕ್ರಿಯೆಗಳು ಕಡಿಮೆ.

ನೆಟ್ಟಗೆ ನಿಲ್ಲುವುದಕ್ಕೆ ಕಿವಿಯೊಂದೇ ಸಾಲದು. ಗಟ್ಟಿ ನೆಲದ ಮೇಲೆ, ಬೆಳಕಿನಲ್ಲಿ ನಿಂತ ಆರೋಗ್ಯವಂತರು ಶೇ 70ರಷ್ಟು ಪಾದ ಮತ್ತು ಕೀಲುಗಳ ಸ್ಪರ್ಶಜ್ಞಾನವನ್ನೂ ಶೇ 20ರಷ್ಟು ಒಳಕಿವಿಯನ್ನೂ ಶೇ 10ರಷ್ಟು ಕಣ್ಣನ್ನೂ ನೆಚ್ಚುತ್ತಾರೆಂಬ ಅಂದಾಜು ಪಠ್ಯಗಳಲ್ಲಿ ಪ್ರಚಲಿತವಾಗಿದೆ. ಮರಳಿನ ಮೇಲೆ, ಕತ್ತಲಲ್ಲಿ ಈ ಪಾಲು ಬದಲಾಗುತ್ತದೆ. ಸಕ್ಕರೆ ಕಾಯಿಲೆಯಿಂದ ಪಾದ ಜೋಮುಗಟ್ಟಿದವರು ತಮಗರಿವಿಲ್ಲದೆ ಕಣ್ಣಿನ ಆಸರೆಯಲ್ಲಿ ನಡೆಯುತ್ತಿರುತ್ತಾರೆ. ತಲೆಗೆ ನೀರೆರೆದುಕೊಳ್ಳುವಾಗ ಕಣ್ಣಿಗೆ ಸೋಪು ಬಿದ್ದು ರೆಪ್ಪೆ ಮುಚ್ಚಿದೊಡನೆ ಅವರಿಗೆ ಜೋಲಿ ಹೊಡೆಯುತ್ತದೆ. ಬಚ್ಚಲಮನೆಯಲ್ಲಿ ಜಾರಿ ಬಿದ್ದೆ ಎಂದು ಹೇಳುವ ಹಿರಿಯರಲ್ಲಿ ಕೆಲವರಾದರೂ ನೆಲ ಒಣಗಿದ್ದರೂ ಬೀಳುತ್ತಿದ್ದರು.

ಹಿನ್ನೆಲೆ

ಫ್ರಾನ್ಸಿನ ಪಿಯರ್ ಫ್ಲೋರಾನ್ 1820ರ ದಶಕದಲ್ಲಿ ಪಾರಿವಾಳಗಳ ಅರ್ಧವೃತ್ತ ನಾಳಗಳನ್ನು ಕತ್ತರಿಸಿ, ಅವು ಕಿವುಡಾಗದೆ ತಲೆ ತಿರುಗಿಸುತ್ತ ಗಿರಕಿ ಹೊಡೆಯುವುದನ್ನು ಕಂಡ. ಆದರೂ ತಲೆಸುತ್ತು ಮಿದುಳಿನ ರೋಗವೆಂಬ ನಂಬಿಕೆ ಅಲುಗಲಿಲ್ಲ. 1861ರಲ್ಲಿ ಪ್ಯಾರಿಸ್ಸಿನ ಪ್ರಾಸ್ಪರ್ ಮೆನಿಯೇರ್ ಕಿವಿಯ ಮೊರೆತ, ಕಿವುಡು ಮತ್ತು ಸುತ್ತು ಒಟ್ಟಿಗೆ ಬರುವ ರೋಗಿಗಳಲ್ಲಿ ತಪ್ಪಿರುವುದು ಒಳಕಿವಿಯೇ ಎಂದು ವಾದಿಸಿದ. ವಿಯೆನ್ನಾದ ರಾಬರ್ಟ್ ಬಾರಾನಿ ರೋಗಿಗಳ ಕಿವಿ ತೊಳೆಯುವಾಗ ತಣ್ಣೀರಿಗೆ ಒಂದು ದಿಕ್ಕಿಗೂ ಬಿಸಿನೀರಿಗೆ ಅದರ ವಿರುದ್ಧ ದಿಕ್ಕಿಗೂ ಕಣ್ಣುಗುಡ್ಡೆ ಅದುರುವುದನ್ನು ಗಮನಿಸಿ ಅದನ್ನೇ ಪರೀಕ್ಷೆಯಾಗಿಸಿದ. 1914ರ ನೊಬೆಲ್ ಬಹುಮಾನದ ಸುದ್ದಿ ಬಂದಾಗ ಆತ ರಷ್ಯದ ಯುದ್ಧಕೈದಿಗಳ ಶಿಬಿರದಲ್ಲಿದ್ದ. 1916ರಲ್ಲಿ ಬಿಡುಗಡೆಯಾಗಿ ಮುಂದೆ ಸ್ವೀಡನ್ನಿನ ಉಪ್ಸಾಲದಲ್ಲಿ ನೆಲೆಸಿದ.

ವ್ಯಾಯಾಮದಿಂದ ಗುಣಪಡಿಸುವ ಪದ್ಧತಿ ಹುಟ್ಟಿದ್ದು ಎರಡನೆಯ ಮಹಾಯುದ್ಧದ ಲಂಡನ್ನಿನಲ್ಲಿ. ತಲೆಗೆ ಏಟು ತಿಂದವರಲ್ಲೂ ಒಳಕಿವಿಯ ಶಸ್ತ್ರಚಿಕಿತ್ಸೆ ಆದವರಲ್ಲೂ ಓಡಾಡುವವರು ಬೇಗ ಸುಧಾರಿಸಿಕೊಳ್ಳುತ್ತಿದ್ದರು, ಮಲಗಿದವರು ಮಲಗಿಯೇ ಇರುತ್ತಿದ್ದರು. ಕಿವಿಯ ಶಸ್ತ್ರವೈದ್ಯ ಟೆರೆನ್ಸ್ ಕಾಥಾರ್ನ್ ಮತ್ತು ವೈದ್ಯ ಎಫ್.ಎಸ್. ಕುಕ್ಸಿ ಇದನ್ನು ಕಂಡು 1940ರ ದಶಕದಲ್ಲಿ ಕ್ರಮವಾದ ವ್ಯಾಯಾಮಮಾಲೆ ರೂಪಿಸಿದರು. ಮೊದಲು ಹಾಸಿಗೆಯಲ್ಲೇ ಕಣ್ಣು ಆಡಿಸುವುದು, ಆಮೇಲೆ ತಲೆ, ಕೂತು ಬಗ್ಗಿ ಏಳುವುದು, ಗುಂಪಿನಲ್ಲಿ ಚೆಂಡೆಸೆತ, ಕೊನೆಗೆ ಕಣ್ಣುಮುಚ್ಚಿ ಮೆಟ್ಟಿಲು ಹತ್ತುವುದು. ಇವತ್ತಿಗೂ ನಮ್ಮ ಆಸ್ಪತ್ರೆಗಳಲ್ಲಿ ಅದೇ ಪಟ್ಟಿಯ ನಕಲು ಪ್ರತಿಯನ್ನು ಎಲ್ಲರಿಗೂ ಒಂದೇ ಎಂಬಂತೆ ಕೈಗಿಡುವುದುಂಟು. ಆ ಕಾಲಕ್ಕೆ ಅದು ದೊಡ್ಡ ಹೆಜ್ಜೆ. ಈಗ ಪರೀಕ್ಷೆಯ ಸೋಮಾರಿತನಕ್ಕೆ ಮುಸುಕು.

ಪರೀಕ್ಷೆ

ಸುತ್ತು ಹೇಗಿದೆ ಎಂದು ಕೇಳುವುದಕ್ಕಿಂತ ಯಾವಾಗ ಬರುತ್ತದೆ, ಎಷ್ಟು ಹೊತ್ತು ಇರುತ್ತದೆ, ಯಾವುದರಿಂದ ಕೆರಳುತ್ತದೆ ಎಂದು ಕೇಳುವುದು ಹೆಚ್ಚು ಫಲ ಕೊಡುತ್ತದೆ. ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗ, ಅಟ್ಟದ ಮೇಲಿನ ಡಬ್ಬಿ ತೆಗೆಯಲು ಕತ್ತೆತ್ತಿದಾಗ ಬಂದು ಒಂದು ನಿಮಿಷದೊಳಗೆ ನಿಲ್ಲುವ ಸುತ್ತು ಬಹುಪಾಲು ಹರಳು ಜಾರಿದ್ದರಿಂದ. ಕಿವಿ ತುಂಬಿದಂತಾಗಿ, ಮೊರೆತ ಏರಿ, 20 ನಿಮಿಷದಿಂದ ಹಲವು ಗಂಟೆ ಕಾಡುವುದು ಮೆನಿಯೇರ್ ರೋಗದ ಲಕ್ಷಣ. ಅರೆತಲೆನೋವಿನವರಲ್ಲಿ ಬೆಳಕು, ಸದ್ದು ಸಹಿಸಲಾಗದೆ ಜೊತೆಗೇ ಬರುವ ಸುತ್ತು ಇನ್ನೊಂದು ಬಗೆ. ಎದ್ದು ನಿಂತೊಡನೆ ಕಣ್ಣಿಗೆ ಕತ್ತಲೆ ಕಟ್ಟಿದರೆ ಮೊದಲು ರಕ್ತದೊತ್ತಡ ನೋಡಬೇಕು: ನಿಂತ 3 ನಿಮಿಷದೊಳಗೆ ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಹುಡುಕಬೇಕಾದದ್ದು ಕಿವಿಯನ್ನಲ್ಲ, ಬಿ.ಪಿ. ಮಾತ್ರೆಗಳ ಪಟ್ಟಿಯನ್ನು.

ಇದ್ದಕ್ಕಿದ್ದಂತೆ ಶುರುವಾಗಿ ದಿನಗಟ್ಟಲೆ ಬಿಡದ ಸುತ್ತಿನಲ್ಲಿ ಮೊದಲ ಪ್ರಶ್ನೆ ಪಾರ್ಶ್ವವಾಯುವಿನದು. ಇದಕ್ಕಾಗಿ ಮೂರು ಕಣ್ಣಿನ ಪರೀಕ್ಷೆಗಳ ಗುಚ್ಛವೊಂದಿದೆ. ಪರೀಕ್ಷಕರ ಮೂಗು ನೋಡುತ್ತಿರುವಂತೆ ಹೇಳಿ ರೋಗಿಯ ತಲೆಯನ್ನು ಚಿಕ್ಕ ಕೋನದಲ್ಲಿ ತಟ್ಟನೆ ತಿರುಗಿಸಿದಾಗ, ಕಿವಿಯ ನರ ಸೋತಿದ್ದರೆ ಕಣ್ಣು ತಲೆಯ ಜೊತೆಗೇ ಹೋಗಿ ಆಮೇಲೆ ಹಾರಿ ಗುರಿಗೆ ಮರಳುತ್ತದೆ. ಹಲ್ಮಾಜಿ ಮತ್ತು ಕರ್ತಾಯ್ಸ್ ಇದನ್ನು 1988ರಲ್ಲಿ ವಿವರಿಸಿದರು. ತಮಾಷೆಯೆಂದರೆ ಸುತ್ತು ಬಿಡದಿರುವಾಗ ಈ ಪರೀಕ್ಷೆ ಸರಿಯಾಗಿದ್ದರೇ ಭಯಪಡಬೇಕು, ತೊಂದರೆ ಮಿದುಳಿನಲ್ಲಿರಬಹುದು. ನೋಟದ ದಿಕ್ಕು ಬದಲಾದಂತೆ ಅದುರಾಟದ ದಿಕ್ಕೂ ಬದಲಾಗುವುದು, ಒಂದು ಕಣ್ಣು ಮೇಲೆ ಇನ್ನೊಂದು ಕೆಳಗೆ ನಿಲ್ಲುವುದು ಉಳಿದೆರಡು ಅಪಾಯಸೂಚನೆಗಳು. ನುರಿತವರು ಮಾಡಿದರೆ ಮೊದಲ 48 ಗಂಟೆಗಳಲ್ಲಿ ಎಂಆರ್‌ಐಗಿಂತ ಈ ಗುಚ್ಛವೇ ಹೆಚ್ಚು ನಂಬಿಕಸ್ಥ ಎಂದು 2009ರ ಅಧ್ಯಯನ ತೋರಿಸಿತು. ಮಾತು ತೊದಲಿದರೆ, ಎರಡೆರಡು ಕಂಡರೆ, ಕೈಕಾಲು ಸೋತರೆ, ಆಸರೆಯಿಲ್ಲದೆ ಕೂರಲೂ ಆಗದಿದ್ದರೆ ಯಾವ ಗುಚ್ಛಕ್ಕೂ ಕಾಯದೆ ಆಸ್ಪತ್ರೆಗೆ ಕಳಿಸಬೇಕು.

ಕಣ್ಣುಗುಡ್ಡೆಯ ಅದುರಾಟಕ್ಕೆ ನಿಸ್ಟಾಗ್ಮಸ್ ಎನ್ನುತ್ತಾರೆ. ರೋಗಿ ಯಾವುದಾದರೂ ವಸ್ತುವನ್ನು ದಿಟ್ಟಿಸಿದರೆ ಒಳಕಿವಿಯಿಂದ ಹುಟ್ಟಿದ ಅದುರಾಟ ತಗ್ಗಿಬಿಡುತ್ತದೆ. ಆದ್ದರಿಂದ ದಪ್ಪ ಮಸೂರದ ಫ್ರೆಂಜೆಲ್ ಕನ್ನಡಕ ಅಥವಾ ಕತ್ತಲಲ್ಲಿ ಚಿತ್ರೀಕರಿಸುವ ಇನ್‌ಫ್ರಾರೆಡ್ ಕ್ಯಾಮರಾ ಬಳಸುತ್ತಾರೆ. ಹರಳಿನ ತೊಂದರೆಗೆ ಲಂಡನ್ನಿನ ಮಾರ್ಗರೆಟ್ ಡಿಕ್ಸ್ ಮತ್ತು ಚಾರ್ಲ್ಸ್ ಹಾಲ್ಪೈಕ್ 1952ರಲ್ಲಿ ವಿವರಿಸಿದ ಪರೀಕ್ಷೆಯೇ ಇಂದಿಗೂ ಪ್ರಮಾಣ. ತಲೆಯನ್ನು ಒಂದು ಪಕ್ಕಕ್ಕೆ 45 ಡಿಗ್ರಿ ತಿರುಗಿಸಿ, ಮಂಚದ ಅಂಚಿನಾಚೆ ತುಸು ಜೋತುಬೀಳುವಂತೆ ಬೇಗನೆ ಮಲಗಿಸುತ್ತಾರೆ. ಕೆಲವು ಸೆಕೆಂಡುಗಳ ತಡವಾಗಿ ಕಣ್ಣು ಮೇಲ್ಮುಖವಾಗಿ, ಕೆಳಗಿನ ಕಿವಿಯತ್ತ ತಿರುಚಿದಂತೆ ಅದುರಿ, ನಿಮಿಷದೊಳಗೆ ನಿಂತರೆ ಆ ಕಿವಿಯ ಹಿಂಬದಿಯ ನಾಳದಲ್ಲಿ ಹರಳಿದೆ ಎಂದರ್ಥ.

ಸಮತೋಲವನ್ನು ಅಳೆಯುವ ಪರೀಕ್ಷೆಗಳು ಹಲವು, ಹೆಚ್ಚಿನವು ಸರಳ. ಪಾದ ಜೋಡಿಸಿ ಕಣ್ಣು ಮುಚ್ಚಿ ನಿಲ್ಲಿಸುವ ರಾಂಬರ್ಗ್ ಪರೀಕ್ಷೆ 19ನೆಯ ಶತಮಾನದ್ದು. ಅದನ್ನೇ ದಪ್ಪ ಫೋಮಿನ ಮೇಲೆ ಮಾಡಿಸಿದರೆ ಕಾಲಿನ ಸುದ್ದಿಯೂ ಕಣ್ಣಿನ ಸುದ್ದಿಯೂ ಕೈಕೊಟ್ಟು ಒಳಕಿವಿಯೊಂದೇ ಉಳಿಯುತ್ತದೆ. ಅದು ದುರ್ಬಲವಾಗಿದ್ದರೆ ಅಲ್ಲೇ ತೂರಾಟ ಬಯಲಾಗುತ್ತದೆ. ಕುರ್ಚಿಯಿಂದೆದ್ದು 3 ಮೀಟರ್ ನಡೆದು, ಹಿಂದಿರುಗಿ ಕೂರಲು ಹಿಡಿಯುವ ಸಮಯವನ್ನು ನೋಡುವ ಪರೀಕ್ಷೆ 1991ರದು. ವಯಸ್ಸಾದವರಿಗೆ 12 ಸೆಕೆಂಡು ಅಥವಾ ಹೆಚ್ಚು ಬೇಕಾದರೆ ಬೀಳುವ ಅಪಾಯವಿದೆಯೆಂದು ಎಣಿಸುತ್ತಾರೆ. 14 ಅಂಶ, 56 ಅಂಕಗಳ ಬರ್ಗ್ ಮಾಪಕ, ತಲೆ ತಿರುಗಿಸುತ್ತ ನಡೆಸಿ ನೋಡುವ ನಡಿಗೆಯ ಮಾಪಕಗಳು, 25 ಪ್ರಶ್ನೆಗಳ ತಲೆಸುತ್ತಿನ ತೊಡಕು ಪ್ರಶ್ನಾವಳಿ ಕೂಡ ಬಳಕೆಯಲ್ಲಿವೆ. ಓದುವ ಪರೀಕ್ಷೆಯೊಂದು ಹೆಚ್ಚು ಹೇಳುತ್ತದೆ: ಕಣ್ಣಿನ ವೈದ್ಯರ ಅಕ್ಷರಪಟ್ಟಿಯನ್ನು ತಲೆ ಆಡಿಸುತ್ತ ಓದಿಸಿದಾಗ, ತಲೆ ನಿಂತಿದ್ದಾಗ ಓದಿದ್ದಕ್ಕಿಂತ ಮೂರು ಸಾಲು ಹಿಂದೆ ಬಿದ್ದರೆ ಪರಾವರ್ತಿತ ಕ್ರಿಯೆ ಸೋತಿದೆ.

ಹರಳು ಜಾರಿದಾಗ

ಸುತ್ತು ಬರಿಸುವ ಒಳಕಿವಿಯ ಕಾಯಿಲೆಗಳಲ್ಲಿ ಅತಿ ಸಾಮಾನ್ಯವಾದುದೂ ಅತಿ ಬೇಗ ವಾಸಿಯಾಗುವುದೂ ಇದೇ. ಯೂಟ್ರಿಕಲ್ಲಿನ ಹರಳುಗಳು ಕಳಚಿ ನಾಳಕ್ಕೆ ಇಳಿದುಬಿಡುತ್ತವೆ, ಹೆಚ್ಚಾಗಿ ತಗ್ಗಿನಲ್ಲಿರುವ ಹಿಂಬದಿಯ ನಾಳಕ್ಕೆ. 50 ದಾಟಿದವರಲ್ಲಿ, ಅದರಲ್ಲೂ ಹೆಂಗಸರಲ್ಲಿ ಹೆಚ್ಚು. ತಲೆಗೆ ಪೆಟ್ಟು ಬಿದ್ದವರಲ್ಲಿ ಯಾವ ವಯಸ್ಸಿನಲ್ಲೂ ಉಂಟು. ಅಮೆರಿಕದ ಪೋರ್ಟ್‌ಲ್ಯಾಂಡಿನ ಕಿವಿವೈದ್ಯ ಜಾನ್ ಎಪ್ಲಿ, ಹರಳು ನಾಳದಲ್ಲಿ ತೇಲುತ್ತಿರುವುದಾದರೆ ತಲೆಯನ್ನೇ ಹೊರಳಿಸಿ ಅದನ್ನು ಹೊರಗೆ ಉರುಳಿಸಬಹುದಲ್ಲ ಎಂದು ಯೋಚಿಸಿದ. 1980ರಲ್ಲಿ ಸಹೋದ್ಯೋಗಿಗಳೆದುರು ತೋರಿಸಿದ, ಯಾರೂ ನಂಬಲಿಲ್ಲ. ವಿಧಾನ ಅಚ್ಚಾದದ್ದು 1992ರಲ್ಲಿ.

ಬಲಗಿವಿಯ ತೊಂದರೆಯಾದರೆ ತಲೆಯನ್ನು ಬಲಕ್ಕೆ 45 ಡಿಗ್ರಿ ತಿರುಗಿಸಿ ಮಲಗಿಸುತ್ತಾರೆ. ಅದುರಾಟ ನಿಂತ ಮೇಲೆ ತಲೆಯನ್ನು ಎಡಕ್ಕೆ 90 ಡಿಗ್ರಿ ಹೊರಳಿಸುತ್ತಾರೆ. ಆಮೇಲೆ ಮೈಯನ್ನೂ ಎಡಮಗ್ಗುಲಿಗೆ ತಂದು ಮೂಗು ನೆಲ ನೋಡುವಂತೆ ಇನ್ನೂ 90 ಡಿಗ್ರಿ. ಕೊನೆಗೆ ನಿಧಾನವಾಗಿ ಎಬ್ಬಿಸಿ ಕೂರಿಸುತ್ತಾರೆ. ಪ್ರತಿ ಭಂಗಿಯಲ್ಲೂ ಅರ್ಧ ನಿಮಿಷದಿಂದ ಒಂದು ನಿಮಿಷ. ತಿಂಗಳುಗಟ್ಟಲೆ ಒಂದೇ ಮಗ್ಗುಲಿಗೆ ಮಲಗಿದ್ದವರು ಹೀಗೆ ಐದು ನಿಮಿಷದಲ್ಲಿ ಗುಣವಾಗಿ ಹೋಗುವುದುಂಟು. ಬಹುಪಾಲು ಮಂದಿಗೆ ಒಂದೆರಡು ಸಲ ಮಾಡಿದರೆ ಸಾಕು. ಹರಳು ಅಡ್ಡನಾಳದಲ್ಲಿದ್ದರೆ ಎಪ್ಲಿ ಫಲಿಸದು, ಮಲಗಿದವರನ್ನು ಪೂರ್ತಿ ಒಂದು ಸುತ್ತು ಉರುಳಿಸುವ ಬೇರೆ ಕ್ರಮ ಬೇಕು. ಕತ್ತಿನ ಮೂಳೆ ಅಥವಾ ರಕ್ತನಾಳದ ಗಂಭೀರ ತೊಂದರೆಯುಳ್ಳವರಿಗೆ ಫ್ರಾನ್ಸಿನ ಅಲೆನ್ ಸೆಮೊಂಟ್ ರೂಪಿಸಿದಂಥ, ಕತ್ತು ಹಿಂದಕ್ಕೆ ಬಾಗದ ವಿಧಾನ ಯೋಚಿಸುತ್ತಾರೆ. ಚಿಕಿತ್ಸೆಯ ನಂತರ ಎರಡು ರಾತ್ರಿ ಕೂತೇ ನಿದ್ದೆ ಮಾಡಿ ಎಂಬ ಹಳೆಯ ಪಥ್ಯಕ್ಕೆ ಆಧಾರವಿಲ್ಲವೆಂದು 2017ರ ಅಮೆರಿಕನ್ ಮಾರ್ಗಸೂಚಿ ಅದನ್ನು ಕೈಬಿಟ್ಟಿದೆ. ಕಾಯಿಲೆ ಮರುಕಳಿಸುವುದು ಸಾಮಾನ್ಯ. ಡಿ ವಿಟಮಿನ್ ಕೊರತೆಯಿದ್ದವರಿಗೆ ಅದನ್ನು ತುಂಬಿಕೊಟ್ಟರೆ ಮರುಕಳಿಕೆ ತಗ್ಗುತ್ತದೆಂದು 2020ರಲ್ಲಿ ಕೊರಿಯದ ದೊಡ್ಡ ಪ್ರಯೋಗವೊಂದು ತೋರಿಸಿತು.

ಇಷ್ಟು ಸುಲಭದ ಕಾಯಿಲೆಗೆ ನಮ್ಮಲ್ಲಿ ಕತ್ತಿನ ಎಕ್ಸ್‌ರೇ ತೆಗೆಸಿ, ಸ್ಪಾಂಡಿಲೋಸಿಸ್ ಎಂದು ಹೆಸರಿಟ್ಟು, ಕಾಲರ್ ತೊಡಿಸಿ ಕಳಿಸುವ ರೂಢಿ ಇನ್ನೂ ಹೋಗಿಲ್ಲ. 50 ದಾಟಿದವರ ಎಕ್ಸ್‌ರೇಯಲ್ಲಿ ಕತ್ತಿನ ಸವೆತ ಕಾಣದಿದ್ದರೇ ಆಶ್ಚರ್ಯ. ಕಾಲರ್ ತೊಟ್ಟವರು ತಲೆ ಅಲುಗಿಸದೆ ಇರುವುದರಿಂದ ಸುತ್ತು ಕಡಿಮೆಯಾದಂತೆ ತೋರುತ್ತದೆ, ಹರಳು ಅಲ್ಲೇ ಇರುತ್ತದೆ.

ನರ ಸೋತಾಗ

ಒಂದು ಕಿವಿಯ ನರ ದುರ್ಬಲವಾದವರಿಗೆ ಮುಖ್ಯ ವ್ಯಾಯಾಮ ನೋಟ ನಿಲ್ಲಿಸುವುದು. ಗೋಡೆಯ ಮೇಲೆ ಒಂದಕ್ಷರ ಅಂಟಿಸಿ, ಅದು ಮಸುಕಾಗದಷ್ಟು ವೇಗದಲ್ಲಿ ತಲೆಯನ್ನು ಅಡ್ಡಡ್ಡ, ಆಮೇಲೆ ಮೇಲೆಕೆಳಗೆ ಒಂದೊಂದು ನಿಮಿಷ ಆಡಿಸಬೇಕು. ರೂಢಿಯಾದಂತೆ ಕೂತದ್ದು ನಿಂತು, ನಿಂತದ್ದು ನಡೆದು, ಬಿಳಿ ಗೋಡೆಯ ಬದಲು ಚೌಕಳಿ ಪರದೆಯ ಮುಂದೆ, ಕೊನೆಗೆ ಅಕ್ಷರದ ಕಾರ್ಡನ್ನೂ ತಲೆಯನ್ನೂ ಎದುರುಬದುರಾಗಿ ಆಡಿಸುತ್ತ ಮಾಡಿಸುತ್ತಾರೆ. ಅಮೆರಿಕದ ಭೌತಚಿಕಿತ್ಸಕರ ಸಂಘದ ಮಾರ್ಗಸೂಚಿಯ ಪ್ರಕಾರ ಹೊಸ ರೋಗಿಗಳಿಗೆ ದಿನಕ್ಕೆ ಕನಿಷ್ಠ 12 ನಿಮಿಷ, ಹಳೆಯ ರೋಗಿಗಳಿಗೆ ಕನಿಷ್ಠ 20 ನಿಮಿಷ ಬೇಕು. ತಲೆ ಅಲುಗದೆ ಬರೀ ಕಣ್ಣು ಆಡಿಸುವ ವ್ಯಾಯಾಮ ಪ್ರಯೋಜನವಿಲ್ಲದ್ದು ಎಂದೂ ಅದು ಖಚಿತವಾಗಿ ಹೇಳುತ್ತದೆ. ವ್ಯಾಯಾಮದಲ್ಲಿ ತುಸು ಸುತ್ತು ಬರಲೇಬೇಕು. ಕಾಲು ಗಂಟೆ, ಇಪ್ಪತ್ತು ನಿಮಿಷದಲ್ಲಿ ಇಳಿದರೆ ಪ್ರಮಾಣ ಸರಿ. ಇಡೀ ಮಧ್ಯಾಹ್ನ ಮಲಗಿಸಿದರೆ ಹೆಚ್ಚಾಯಿತು.

ಮೊದಲ ಎರಡು ಮೂರು ದಿನದ ವಾಂತಿ, ವಾಕರಿಕೆಗೆ ಪ್ರೊಕ್ಲೋರ್‌ಪೆರಜಿನ್, ಸಿನ್ನರಿಜಿನ್ ಮಾತ್ರೆಗಳು ಬೇಕಾಗಬಹುದು. ತಿಂಗಳುಗಟ್ಟಲೆ ನುಂಗಿದರೆ ಅವು ಮಿದುಳಿನ ಹೊಂದಾಣಿಕೆಯನ್ನೇ ತಡೆಯುತ್ತವೆ, ವಯಸ್ಸಾದವರಲ್ಲಿ ಪಾರ್ಕಿನ್ಸನ್ನಿನಂಥ ನಡುಕ, ಬಿಗಿತವನ್ನೂ ತರಬಲ್ಲವು. ಹಳೆಯ ಚೀಟಿ ತೋರಿಸಿ ಅದೇ ಮಾತ್ರೆ ಕೊಳ್ಳುತ್ತಿರುವವರು ಊರೂರಿನಲ್ಲಿದ್ದಾರೆ.

ಎರಡೂ ಕಡೆ ಸೋತವರ ಕಷ್ಟ ಬೇರೆ. ವ್ಯತ್ಯಾಸವೇ ಇಲ್ಲದ್ದರಿಂದ ಅವರಿಗೆ ಸುತ್ತು ಬರುವುದಿಲ್ಲ. ನಡೆಯುವಾಗ ಅಂಗಡಿಗಳ ಬೋರ್ಡು ಕುಣಿಯುತ್ತದೆ, ಕತ್ತಲಲ್ಲಿ ಹೆಜ್ಜೆ ನಿಲ್ಲುವುದಿಲ್ಲ. ಕ್ಷಯಕ್ಕೆ ಹಿಂದೆ ಧಾರಾಳವಾಗಿ ಚುಚ್ಚುತ್ತಿದ್ದ ಸ್ಟ್ರೆಪ್ಟೊಮೈಸಿನ್, ಈಗಲೂ ಬಳಕೆಯಲ್ಲಿರುವ ಜೆಂಟಾಮೈಸಿನ್ ಇದಕ್ಕೆ ತಿಳಿದಿರುವ ಕಾರಣಗಳು. ಸ್ಟ್ರೆಪ್ಟೊಮೈಸಿನ್‌ನಿಂದ ಹೀಗಾದ ಅಮೆರಿಕದ ವೈದ್ಯರೊಬ್ಬರು 1952ರಲ್ಲಿ ತಮ್ಮ ಪಾಡನ್ನು ಬರೆದರು. ನಾಡಿ ಮಿಡಿತಕ್ಕೆ ತಲೆ ಅಲುಗಿದಷ್ಟಕ್ಕೇ ಅಕ್ಷರಗಳು ನೆಗೆಯುತ್ತಿದ್ದುದರಿಂದ, ಮಂಚದ ಸರಳುಗಳ ನಡುವೆ ತಲೆಯನ್ನು ಸಿಕ್ಕಿಸಿಕೊಂಡು ಅವರು ಪುಸ್ತಕ ಓದಬೇಕಾಗಿತ್ತು. ಇಂಥವರಿಗೆ ಕಣ್ಣು ಮತ್ತು ಕಾಲನ್ನು ಹೆಚ್ಚು ಬಳಸಿಕೊಳ್ಳುವ ತಾಲೀಮು, ಕೋಲು, ರಾತ್ರಿ ದೀಪ ಇವೇ ಆಸರೆ. ಪೂರ್ತಿ ವಾಸಿ ಅಪರೂಪ.

ಮೂಲ ಕಾಯಿಲೆ ವಾಸಿಯಾದರೂ ಮೂರು ತಿಂಗಳು ಮೀರಿ ಓಲಾಟ ಉಳಿದು, ಸೂಪರ್ ಮಾರ್ಕೆಟ್ಟಿನ ಸಾಲುಗಳಲ್ಲಿ, ಜನಜಂಗುಳಿಯಲ್ಲಿ ಹೆಚ್ಚುವ ಸ್ಥಿತಿಗೆ ಬಾರಾನಿ ಹೆಸರಿನ ಅಂತರರಾಷ್ಟ್ರೀಯ ಸಂಘ 2017ರಲ್ಲಿ ಲಕ್ಷಣಸೂತ್ರ ರೂಪಿಸಿತು. ಇಲ್ಲಿ ವ್ಯಾಯಾಮದ ಜೊತೆ ಮನಶ್ಶಾಸ್ತ್ರೀಯ ನೆರವೂ ಬೇಕು. ಮೆನಿಯೇರ್ ರೋಗ ಏರಿಳಿಯುತ್ತಿರುವಾಗ ವ್ಯಾಯಾಮಕ್ಕೆ ಹಿಡಿತ ಸಿಗದು, ದಾಳಿಗಳ ನಡುವೆ ಉಳಿದ ಅಸ್ಥಿರತೆಗೆ ಮಾತ್ರ ಅದು ನೆರವಾದೀತು.

ಕನ್‌ಕಷನ್

ಪೆಟ್ಟು ಬಿದ್ದು ಮಿದುಳು ಅದುರಿ, ಸ್ಕ್ಯಾನಿನಲ್ಲಿ ಏನೂ ಕಾಣದಿದ್ದರೂ ಅದರ ಕೆಲಸ ಏರುಪೇರಾಗುವ ಸ್ಥಿತಿ ಕನ್‌ಕಷನ್. ಪ್ರಜ್ಞೆ ತಪ್ಪಲೇಬೇಕೆಂದಿಲ್ಲ, ಹೆಚ್ಚಿನವರಿಗೆ ತಪ್ಪುವುದೂ ಇಲ್ಲ. ನರಕೋಶಗಳಲ್ಲಿ ಅಯಾನುಗಳ ಸಮತೋಲ ಕೆಟ್ಟು, ಅದನ್ನು ಸರಿಪಡಿಸಲು ಶಕ್ತಿಯ ಬೇಡಿಕೆ ಏರುವಾಗಲೇ ರಕ್ತದ ಪೂರೈಕೆ ತಗ್ಗುವುದರಿಂದ ತಲೆನೋವು, ಮಂಪರು, ಸುತ್ತು, ಬೆಳಕು ಸಹಿಸದಿರುವುದು, ಗಮನ ಕೂಡದಿರುವುದು ಉಂಟಾಗುತ್ತವೆ.

ಕ್ರಿಕೆಟ್ ಇದನ್ನು ಗಂಭೀರವಾಗಿ ತೆಗೆದುಕೊಂಡದ್ದು ತಡವಾಗಿ. ಕನ್‌ಕಷನ್ ಆದವರಿಗೆ ಬದಲಿ ಆಟಗಾರನನ್ನು ಇಳಿಸಲು ಐಸಿಸಿ 2019ರ ಆಗಸ್ಟ್ 1ರಿಂದ ಅವಕಾಶ ಕೊಟ್ಟಿತು. ಅದೇ ತಿಂಗಳು ಲಾರ್ಡ್ಸ್‌ನಲ್ಲಿ ಜೋಫ್ರಾ ಆರ್ಚರ್ ಚೆಂಡು ಕತ್ತಿಗೆ ತಗುಲಿದ ಸ್ಟೀವ್ ಸ್ಮಿತ್ ಬದಲಿಗೆ ಮಾರ್ನಸ್ ಲಬುಶೇನ್ ಆಡಿದರು. 2020ರ ಡಿಸೆಂಬರಿನಲ್ಲಿ ಕ್ಯಾನ್‌ಬೆರಾದಲ್ಲಿ ರವೀಂದ್ರ ಜಡೇಜ ಬದಲಿಗೆ ಬಂದ ಯಜುವೇಂದ್ರ ಚಹಲ್ ಪಂದ್ಯಶ್ರೇಷ್ಠರಾದಾಗ ನಡೆದ ಚರ್ಚೆಯೆಲ್ಲ ಆ ಬದಲಿ ನ್ಯಾಯವೇ ಎಂಬುದರ ಸುತ್ತ ಇತ್ತು, ಪೆಟ್ಟಿನ ಸುತ್ತ ಇರಲಿಲ್ಲ.

ಕತ್ತಲೆ ಕೋಣೆಯಲ್ಲಿ ವಾರಗಟ್ಟಲೆ ಮಲಗಿಸುವ ಪದ್ಧತಿ ಈಗ ಬಿದ್ದುಹೋಗಿದೆ. 2022ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಸೇರಿ ಮರುವರ್ಷ ಪ್ರಕಟವಾದ ಕ್ರೀಡಾ ಕನ್‌ಕಷನ್ ಒಮ್ಮತದ ಹೇಳಿಕೆ, 24ರಿಂದ 48 ಗಂಟೆ ಹಗುರ ಓಡಾಟದ ಜೊತೆಗಿನ ವಿಶ್ರಾಂತಿ, ಆಮೇಲೆ ನಡಿಗೆ ಮತ್ತು ಸೈಕಲ್ ತುಳಿತ ಎನ್ನುತ್ತದೆ. ಎಷ್ಟು ಎಂಬುದನ್ನು ಅಮೆರಿಕದ ಬಫಲೋ ವಿಶ್ವವಿದ್ಯಾಲಯದ ಟ್ರೆಡ್‌ಮಿಲ್ ಪರೀಕ್ಷೆ ಹೇಳುತ್ತದೆ: ನಿಮಿಷ ನಿಮಿಷಕ್ಕೂ ಏರು ಹೆಚ್ಚಿಸುತ್ತ ಲಕ್ಷಣ ಉಲ್ಬಣಿಸಿದ ಗಳಿಗೆಯ ಹೃದಯಬಡಿತ ಗುರುತಿಸಿಕೊಂಡು, ಅದಕ್ಕಿಂತ ತುಸು ಕೆಳಗಿನ ಮಟ್ಟದಲ್ಲಿ ದಿನವೂ ವ್ಯಾಯಾಮ. 2019ರಲ್ಲಿ ಪ್ರಕಟವಾದ ಅವರದೇ ಪ್ರಯೋಗದಲ್ಲಿ ಹೀಗೆ ಮಾಡಿದ ಹದಿಹರೆಯದವರು 13 ದಿನಗಳಲ್ಲಿ ಚೇತರಿಸಿಕೊಂಡರೆ, ಬರೀ ಮೈ ಎಳೆಯುವ ವ್ಯಾಯಾಮ ಮಾಡಿದವರಿಗೆ 17 ದಿನ ಬೇಕಾಯಿತು.

ಸುತ್ತು ಉಳಿದರೆ ಅದು ಮಿದುಳಿನದ್ದೇ ಎಂದು ಕೈಚೆಲ್ಲಬಾರದು. ಅದೇ ಪೆಟ್ಟಿಗೆ ಹರಳು ಜಾರಿರಬಹುದು, ಕತ್ತು ಉಳುಕಿರಬಹುದು, ಎರಡು ಕಣ್ಣು ಒಂದೆಡೆ ಕೂಡದಿರಬಹುದು. ಕತ್ತಿನ ಪರೀಕ್ಷೆಗೆ ಹಣೆಗೆ ಲೇಸರ್ ದೀಪ ಕಟ್ಟಿ, ಕಣ್ಣುಮುಚ್ಚಿ ತಲೆ ತಿರುಗಿಸಿ ಮತ್ತೆ ಮಧ್ಯಕ್ಕೆ ತರಲು ಹೇಳುತ್ತಾರೆ. 90 ಸೆಂಟಿಮೀಟರ್ ದೂರದ ಗುರಿಯಿಂದ ಚುಕ್ಕೆ ಸುಮಾರು 7 ಸೆಂಟಿಮೀಟರ್ ಆಚೆ ಬಿದ್ದರೆ ಕತ್ತಿನ ಸ್ಥಾನಜ್ಞಾನ ಕೆಟ್ಟಿದೆ. ಪೆನ್ನಿನ ತುದಿಯನ್ನು ಮೂಗಿನತ್ತ ತಂದು, ಎರಡಾಗಿ ಕಾಣುವ ದೂರವನ್ನೂ ಅಳೆಯುತ್ತಾರೆ. ಕೆನಡಾದ ಕ್ಯಾಲ್ಗರಿಯಲ್ಲಿ 31 ಮಂದಿಯ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಕತ್ತು ಮತ್ತು ಒಳಕಿವಿ ಎರಡಕ್ಕೂ ಚಿಕಿತ್ಸೆ ಪಡೆದವರಲ್ಲಿ ಶೇ 73 ಮಂದಿ 8 ವಾರದೊಳಗೆ ಆಟಕ್ಕೆ ಮರಳಲು ಅನುಮತಿ ಪಡೆದರು; ಉಳಿದ ಗುಂಪಿನಲ್ಲಿ ಶೇ 7. ಪ್ರಯೋಗ ಚಿಕ್ಕದು, ಆದರೆ ಅಂತರ ಅಲಕ್ಷಿಸುವಂಥದ್ದಲ್ಲ. ಆಟಕ್ಕೆ ಮರಳುವುದು ಆರು ಹಂತಗಳಲ್ಲಿ, ಪ್ರತಿ ಹಂತಕ್ಕೂ ಕನಿಷ್ಠ 24 ಗಂಟೆ. ಪದೇಪದೇ ವಾಂತಿ, ಏರುತ್ತಲೇ ಹೋಗುವ ತಲೆನೋವು, ಫಿಟ್ಸ್, ಒಂದು ಕಡೆ ಸೋಲು, ಎಬ್ಬಿಸಲಾಗದ ಮಂಪರು ಇದ್ದರೆ ಭೌತಚಿಕಿತ್ಸೆಯ ಮಾತೇ ಬೇಡ, ತುರ್ತು ಚಿಕಿತ್ಸೆ ಬೇಕು.

ಕರ್ನಾಟಕದಲ್ಲಿ

ಇಲ್ಲಿ ತಲೆಪೆಟ್ಟು ಆಟದ ಮೈದಾನಕ್ಕಿಂತ ರಸ್ತೆಯಲ್ಲಿ ಹೆಚ್ಚು, ಅದರಲ್ಲೂ ದ್ವಿಚಕ್ರ ವಾಹನಗಳಿಂದ. ಸಿ.ಟಿ. ಸ್ಕ್ಯಾನ್ ನಾರ್ಮಲ್ ಎಂದು ಮನೆಗೆ ಕಳಿಸಿದವರಲ್ಲಿ ಸುತ್ತು ಉಳಿದವರನ್ನು ಭೌತಚಿಕಿತ್ಸಕರ ಬಳಿಗೆ ಕಳಿಸುವ ಅಭ್ಯಾಸ ಇನ್ನೂ ಬೆಳೆಯಬೇಕಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರರೋಗಿಗಳ ಪುನಶ್ಚೇತನಕ್ಕೆ ಪ್ರತ್ಯೇಕ ವಿಭಾಗವಿದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಒಳಕಿವಿಯ ಸಮತೋಲದ ಯಂತ್ರಪರೀಕ್ಷೆಗಳನ್ನು ಶ್ರವಣತಜ್ಞರು ಮಾಡುತ್ತಾರೆ. ದೇಶದಲ್ಲಿ ಭೌತಚಿಕಿತ್ಸಕರ ವೃತ್ತಿಯನ್ನು ನಿಯಂತ್ರಿಸುವ ರಾಷ್ಟ್ರೀಯ ಕಾಯ್ದೆ ಬಂದದ್ದು 2021ರಲ್ಲಿ. ಪರದೇಶದ ಮಾಪಕಗಳನ್ನು ಇಲ್ಲಿ ಬಳಸುವಾಗ ತುಸು ತಿದ್ದುಪಡಿ ಬೇಕಾಗುತ್ತದೆ. ಬರ್ಗ್ ಮಾಪಕದಲ್ಲಿ ಕುರ್ಚಿಯಿಂದ ಏಳುವುದಿದೆ, ನೆಲದ ಮೇಲಿನ ವಸ್ತು ಎತ್ತುವುದಿದೆ. ಚಾಪೆಯಿಂದ ಏಳುವುದು, ಕುಕ್ಕುರುಗಾಲಲ್ಲಿ ಕೂತು ಏಳುವುದು ಇಲ್ಲ. ಹೀಗಾಗಿ ಅನುಭವಿ ಚಿಕಿತ್ಸಕರು ಅಂಕ ಬರೆದುಕೊಂಡ ಮೇಲೆ ಈ ಎರಡನ್ನೂ, ಚೊಂಬಿನಿಂದ ತಲೆಗೆ ನೀರು ಹುಯ್ದುಕೊಳ್ಳುವಂತೆ ಕಣ್ಣುಮುಚ್ಚಿ ಕೈ ಎತ್ತುವುದನ್ನೂ ಮಾಡಿಸಿ ನೋಡುತ್ತಾರೆ, ಮನೆಯ ವ್ಯಾಯಾಮವನ್ನು ಅದರ ಮೇಲೆ ನಿಗದಿ ಮಾಡುತ್ತಾರೆ.